ಗಜೇಂದ್ರಗಡದ ಸಮುದ್ರ

ಗಜೇಂದ್ರಗಡಕ್ಕೆ ಸಮುದ್ರ ತಂದವನು ತಾನೊಬ್ಬನೇ ಎಂದು ನೇಕಾರ ಮುದಿಯಪ್ಪ ಸಾವಿರದ ಒಂಬೈನೂರ ಐವತ್ತನಾಲ್ಕರ ಬೇಸಿಗೆಯಲ್ಲಿ ಓಣಿಗೆಲ್ಲ ಸಾರಿದ್ದ. ಸೀರೆ ಮಾರಲು ಕಾರವಾರಕ್ಕೆ ಹೋಗಿದ್ದಾಗ, ಇಳಿತದ ಹೊತ್ತಿನಲ್ಲಿ ಬಂಡೆಯ ಕುಳಿಯೊಂದರ ನೀರಿನಲ್ಲಿ ಹೂವಿನಂತೆ ಅರಳಿದ್ದ ಜೀವವೊಂದನ್ನು ಕಂಡು ಮರುಳಾಗಿದ್ದ. ಅದನ್ನು ಅಂಟಿದ ಕಲ್ಲಿನ ಸಮೇತ, ಒಂದು ಡಬ್ಬಿ ಉಪ್ಪುನೀರಿನಲ್ಲಿ, ಬಸ್ಸಿನ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದ.

"ನೋಡ್ತಿರು, ಇಲ್ಲೇ ಸಾಕಿ ತೋರಸ್ತೀನಿ."

ಹೆಂಡತಿ ಅನ್ನವ್ವ ಇಣುಕಿದಳು. "ಸಮುದ್ರ ಅಂದ್ರ ಇಷ್ಟನ? ನಮ್ಮ ಮಜ್ಜಿಗಿ ಗಡಿಗಿ ಇದಕ್ಕಿಂತ ದೊಡ್ಡದೈತಿ."

ನೂಲು ನೆನೆಸುವ ಕಲ್ಲಿನ ಬಾನಿಯೇ ಕುಳಿಯಾಯಿತು. ಸಮುದ್ರದಲ್ಲಿ ದಿನಕ್ಕೆರಡು ಸಲ ನೀರು ಏರಿ ಇಳಿಯುತ್ತದೆಂದು ಬೆಸ್ತರು ಹೇಳಿದ್ದರು. ಹೀಗಾಗಿ ಮುದಿಯಪ್ಪ ಮಗ್ಗದ ಕುಣಿಯಿಂದೆದ್ದು ಬಂದು ನೀರು ತೋಡಿ ಇಳಿತ ಮಾಡುವನು, ಮತ್ತೆದ್ದು ಬಂದು ಸುರಿದು ಉಬ್ಬರ ಮಾಡುವನು. ನಾಲ್ಕು ದಿನದಲ್ಲಿ ಅವನ ಸೊಂಟ ಬಿತ್ತು. ಮಗ್ಗದ ಮೇಲಿನ ಮದುವೆ ಸೀರೆ ಗೇಣುದ್ದವೂ ಮುಂದೆ ಹೋಗಲಿಲ್ಲ.

ಬಿಸಿಲು ನೀರನ್ನು ಹೀರಿ ಉಪ್ಪನ್ನಷ್ಟೇ ಉಳಿಸುತ್ತಿತ್ತು. ಬಾನಿಯ ಅಂಚು ಬೆಳ್ಳಗಾಯಿತು, ಹೂವು ಅಂಗಿಯ ಗುಂಡಿಯಂತೆ ಮುಚ್ಚಿಕೊಂಡಿತು. ಉಪ್ಪು ತೆಳುವಾಗಲು ಸಿಹಿನೀರು ಬೇಕು. ಮನೆಯ ಬಾವಿಯದು ಸವುಳು. ಐದನೆಯ ದಿನ, ಅನ್ನವ್ವ ಗುಡ್ಡದ ಕೆಳಗಿನ ಬಾವಿಯಿಂದ ಹೊತ್ತು ತಂದಿದ್ದ ಕೊಡವನ್ನೇ ಅವನು ಬಾನಿಗೆ ಬಗ್ಗಿಸಿದ.

ಅಷ್ಟರಲ್ಲಿ ಹೊಳೆಆಲೂರಿನಿಂದ ಅವಳ ಸೋದರಮಾವ ವೀರಪ್ಪ ಬಂದ. "ಅನ್ನವ್ವ, ಮೊದಲ ನೀರು ಕೊಡವಾ."

ಅನ್ನವ್ವ ಕೊಡ ಎತ್ತಿದಳು, ಹಗುರಾಗಿತ್ತು. ಗಂಡನನ್ನು ನೋಡಿದಳು.

"ಅದಕ್ಕ ಉಪ್ಪು ಹೆಚ್ಚಾಗಿತ್ತು," ಎಂದ ಮುದಿಯಪ್ಪ ಮೆಲ್ಲಗೆ.

"ಅದಕ್ಕ ಸೀನೀರು, ನಮ್ಮ ಮಾವಗ ಸವುಳು ನೀರು. ಹೌದಲ್ರಿ?"

ಸಿಟ್ಟಿಲ್ಲದೆ ಹೇಳಿದಳು, ಅದೇ ಕಷ್ಟವಾಯಿತು. ಕೊಡ, ಹಗ್ಗ ಎರಡನ್ನೂ ಅವನ ಕೈಗಿಟ್ಟಳು.

ಬಾವಿಯಲ್ಲಿ ಹೆಂಗಸರದೇ ಸಾಲು. ಪಕ್ಕದ ಮನೆಯ ಹಸನಬಿ ಕೇಳಿದಳು, "ಯಾಕ ಮುದಿಯಪ್ಪಣ್ಣ, ಸಮುದ್ರ ಬತ್ತಿತೇನು?" ಅವನು ಹಗ್ಗ ಇಳಿಬಿಟ್ಟ.

ಏರು ಹತ್ತಿ ಮನೆ ಮುಟ್ಟುವಷ್ಟರಲ್ಲಿ ಅರ್ಧ ಕೊಡ ಮೈಮೇಲೆ ಚೆಲ್ಲಿತ್ತು. ವೀರಪ್ಪ ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಲಗೂ ಬರಬಾರದಿತ್ತೇನ್ರಿ?" ಎಂದಳು ಅನ್ನವ್ವ. "ಈಗರ ಅರಳಿತ್ತು. ಮಾವ ನೋಡಿದ, ಓಣಿಯವರೆಲ್ಲ ಬಂದು ನೋಡಿದ್ರು. ಭಾಳ ಚಂದಿತ್ತು."

ಮುದಿಯಪ್ಪ ಬಗ್ಗಿ ನೋಡಿದ. "ಮುಚ್ಚಿಕೊಂಡೈತಲ್ಲ?"

"ನಿಮ್ಮ ಸಪ್ಪಳಕ್ಕ ಮುಚ್ಚಿಕೊಂತು. ಇನ್ನೊಂದು ಕೊಡಕ್ಕ ಹೋಗ್ರಿ, ಮತ್ತ ಅರಳತೈತಿ."

"ಖರೇನ?"

ಅನ್ನವ್ವ ಆಗಲೇ ಕುಡಿಯುವ ನೀರಿನ ಗಡಿಗೆಗೆ ಕೊಡ ಬರಿದು ಮಾಡಿ ಅವನ ಮುಂದೆ ಹಿಡಿದಿದ್ದಳು.