ಹಿಮ ಕರಗಿಸುವ ಕಲ್ಲು

ನಾನು ಕೊಟ್ಟೂರಿನ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ಶೀತವಲಯ ಎಲ್ಲಿ, ಉಷ್ಣವಲಯ ಎಲ್ಲಿ ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದ್ದರಿಂದ ನಮ್ಮ ಮನೆಯ ಗೇಟಿನಿಂದ ಕಟ್ಟೆಯವರೆಗಿನ ನಲವತ್ತು ಅಡಿ ಅಂಗಳಕ್ಕೆ ಯಾವ ಕಲ್ಲು ಹಾಸಬೇಕೆಂದು ತೀರ್ಮಾನಿಸಲು ನನಗಿಂತ ಯೋಗ್ಯರು ಈ ತಾಲ್ಲೂಕಿನಲ್ಲೇ ಇಲ್ಲ ಎಂದು ನಂಬಿದ್ದೆ.

ಕಲ್ಲು ಬೇಕಾದದ್ದು ಕಾರಿಗಾಗಿ. ಹಳೆಯದೊಂದು ಕಾರು ಕೊಂಡಿದ್ದೆ. ಒಂದು ಮಳೆ ಬಿದ್ದರೆ ಸಾಕು, ಅದು ಅಂಗಳದ ಮಣ್ಣಿನಲ್ಲಿ ಹೂತು ನಿಲ್ಲುತ್ತಿತ್ತು. ನಾನು ಸ್ಟೀರಿಂಗ್ ಹಿಡಿಯುವುದು, ನನ್ನ ಹೆಂಡತಿ ಗಿರಿಜಾ ಹಿಂದಿನಿಂದ ನೂಕುವುದು, ಹೀಗೆ ನಮ್ಮ ಸಂಸಾರ ಸಾಗಿತ್ತು.

ಮೊಬೈಲಿನಲ್ಲಿ ಹುಡುಕಿದಾಗ, ಹಿಮ ಬೀಳುವ ಯಾವುದೋ ದೇಶದವನ ವಿಡಿಯೋ ಸಿಕ್ಕಿತು. ತಲೆಗೆ ಉಣ್ಣೆಯ ಟೊಪ್ಪಿಗೆ, ಕೈಗೆ ಕೈಗವಸು, ಮಾತಾಡಿದರೆ ಬಾಯಿಂದ ಹೊಗೆ. ಅವನ ಊರಲ್ಲಿ ಸಂದಿಗೆ ಹೋದ ನೀರು ಹೆಪ್ಪುಗಟ್ಟಿ ಕಾಂಕ್ರೀಟನ್ನೇ ಸೀಳುತ್ತದಂತೆ. ಕಪ್ಪು ಹಾಸಾದರೆ ಬಿಸಿಲನ್ನು ಹೀರಿಕೊಂಡು ಮೇಲೆ ಬಿದ್ದ ಹಿಮವನ್ನು ತಾನೇ ಕರಗಿಸುತ್ತದಂತೆ. ನಾನು ಆ ವಿಡಿಯೋವನ್ನು ಮೂರು ಸಲ ನೋಡಿದೆ. ಅಂಥ ಚಳಿಯನ್ನೇ ಗೆದ್ದ ಬಣ್ಣ ನಮ್ಮ ಕೊಟ್ಟೂರಿಗೆ ಹೆದರೀತೇ!

ಕಲ್ಲು ಹಾಸುವ ಮೇಸ್ತ್ರಿ ದಾದಾಪೀರ್ ಅಂಗಳವನ್ನು ಅಳೆದು ತಲೆ ತುರಿಸಿಕೊಂಡ.

"ಸಾರ್, ಬೂದಿ ಬಣ್ಣದ ಶಹಾಬಾದಿ ಹಾಕ್ಸ್ರಿ. ಕಪ್ಪು ಕಡಪ ಕಲ್ಲು ಬ್ಯಾಸಿಗ್ಯಾಗ ಕಾಯ್ತೈತ್ರಿ."

"ಹಿಮ ಬಿದ್ರ ನಿನ್ನ ಶಹಾಬಾದಿ ತಡೀತೈತೇನಪ?"

ದಾದಾಪೀರ್ ಒಮ್ಮೆ ಆಕಾಶ ನೋಡಿದ, ಒಮ್ಮೆ ನನ್ನನ್ನು ನೋಡಿದ. "ಯಾವೂರಾಗ್ರಿ?" ಎಂದು ಕೇಳಿದ.

ನಾನು ಅವನಿಗೆ ಉಷ್ಣ ಹೀರಿಕೆಯ ತತ್ವವನ್ನು ಚಿತ್ರ ಸಮೇತ ವಿವರಿಸಿದೆ. ಅವನು ಪಾಪ ಕೊನೆಯವರೆಗೂ ಕೇಳಿ, "ನೀವು ಓದಿದವರು" ಎಂದಷ್ಟೇ ಹೇಳಿ ಕೆಲಸ ಶುರು ಮಾಡಿದ.

ಡಿಸೆಂಬರಿನಲ್ಲಿ ಹಾಸು ಮುಗಿಯಿತು. ಬೆಳಗಿನ ಚಳಿಗೆ ಓಣಿಯ ಹಿರಿಯರೆಲ್ಲ ಕಂಬಳಿ ಹೊದ್ದು ನಮ್ಮ ಅಂಗಳಕ್ಕೇ ಬಿಸಿಲು ಕಾಯಿಸಿಕೊಳ್ಳಲು ಬರತೊಡಗಿದರು. ಪಕ್ಕದ ಮನೆಯ ಶರಣಮ್ಮನಂತೂ, "ಮೇಷ್ಟ್ರ ಕಲ್ಲಿನ ಮ್ಯಾಲ ಅರ್ಧ ತಾಸು ಕುಂತ್ರ ಮಣಕಾಲು ನೋವು ಇಳೀತೈತ್ರವ್ವ" ಎಂದು ಊರೆಲ್ಲ ಹೇಳಿಕೊಂಡು ಬಂದರು. ಹೊಗಳಿಕೆಗೆ ನನ್ನ ತಲೆ ತಿರುಗಿತು. ಕಾರಿನಿಂದ ಎಣ್ಣೆ ಸೋರಿ ಕಲೆಯಾದೀತೆಂದು ಕಾರನ್ನು ರಸ್ತೆಯಲ್ಲೇ ನಿಲ್ಲಿಸಿದೆ. 'ದಯವಿಟ್ಟು ಪಾದರಕ್ಷೆಗಳನ್ನು ಗೇಟಿನ ಬಳಿಯೇ ಬಿಡಿ' ಎಂದು ಬೋರ್ಡನ್ನೂ ತೂಗುಹಾಕಿದೆ.

ಮಾರ್ಚ್ ಬಂತು. ಹಿರಿಯರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ನಾನು ಬೆಳಿಗ್ಗೆ ಶಾಲೆಗೆ ಹೋಗಿ ಸಂಜೆ ಬರುವವನಾದ್ದರಿಂದ ನನ್ನ ಪಾದಗಳಿಗೆ ಸಮಾಚಾರ ತಲುಪಲಿಲ್ಲ.

"ಆ ಬೋರ್ಡ್ ತಗೀರಿ, ಮಧ್ಯಾಹ್ನ ಕಾಲು ಸುಡ್ತಾವ" ಎಂದಳು ಗಿರಿಜಾ.

"ಶಿಸ್ತು ಅನ್ನೋದು ಬ್ಯಾಸಿಗಿಗೆ ಒಂದು, ಚಳಿಗಾಲಕ್ಕ ಒಂದು ಇರೂದಿಲ್ಲ" ಎಂದೆ ನಾನು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಗಿರಿಜಾಳ ಅಣ್ಣ ಚನ್ನಬಸಪ್ಪನವರು ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರಿ. ಐದು ವರ್ಷದ ಹಿಂದೆ ನಮ್ಮ ಗೃಹಪ್ರವೇಶಕ್ಕೆ ಅವರ ಮನೆಗೆ ಹೋಗಿ ಕುಂಕುಮ ಹಚ್ಚಿ ಕರೆಯಬೇಕಾದ ನಾನು, ಮೊಬೈಲಿನಲ್ಲಿ ಕಾರ್ಡಿನ ಫೋಟೋ ಕಳಿಸಿ ಕೈ ತೊಳೆದುಕೊಂಡಿದ್ದೆ. ಅವರು ಬರಲಿಲ್ಲ. ಆಮೇಲೆ ಒಂದು ನಾಗರಪಂಚಮಿಗೂ ತಂಗಿಯನ್ನು ತವರಿಗೆ ಕರೆಯಲಿಲ್ಲ. ಪಂಚಮಿ ಹತ್ತಿರ ಬಂದಾಗ ಗಿರಿಜಾ ಉಂಡೆ ಕಟ್ಟುತ್ತ ರಸ್ತೆಯ ಕಡೆ ನೋಡುತ್ತಿದ್ದಳು. ನನ್ನನ್ನು ಒಂದು ಮಾತೂ ಅನ್ನುತ್ತಿರಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಏಪ್ರಿಲ್‌ನ ಒಂದು ಭಾನುವಾರ ಅವರ ಫೋನು ಬಂತು. ಮಗಳ ಮದುವೆ, ಸೋದರತ್ತೆಗೆ ಕರೆಯೋಲೆ ಕೊಡದೆ ಆಗದು. "ಹನ್ನೆರಡಕ್ಕ ಬರ್ತೀನಿ. ಕಾರ್ಡ್ ಕೊಟ್ಟು ಹೊಂಟುಬಿಡ್ತೀನಿ. ನೀರು ಸೈತ ಬ್ಯಾಡ" ಎಂದರು.

ಗಿರಿಜಾ ಹೋಗಿ ಬದನೆಕಾಯಿ ಹೆಚ್ಚಿದಳು. ನಾನೂ ನನ್ನ ಪಾಲಿನ ಸಿದ್ಧತೆ ಮಾಡಿದೆ. ಭಾವನವರ ಎದುರು ಮನೆ ಅಚ್ಚುಕಟ್ಟಾಗಿ ಕಾಣಲೆಂದು ಮನೆಯಲ್ಲಿದ್ದ ಚಪ್ಪಲಿಗಳನ್ನೆಲ್ಲ ಒಯ್ದು ಗೇಟಿನ ಬಳಿ ಸಾಲಾಗಿ ಜೋಡಿಸಿದೆ. ಬಚ್ಚಲಿನ ಹವಾಯಿ ಚಪ್ಪಲಿಯನ್ನೂ ಬಿಡಲಿಲ್ಲ.

ಸರಿಯಾಗಿ ಹನ್ನೆರಡಕ್ಕೆ ಭಾವ ತಮ್ಮ ಕಾರಿನಲ್ಲಿ ಬಂದರು. ಬೋರ್ಡು ಓದಿದರು. ಹೊಸ ಬೂಟು ಬಿಚ್ಚಿಟ್ಟು ಅಂಗಳಕ್ಕೆ ಕಾಲಿಟ್ಟರು. ಮೊದಲ ನಾಲ್ಕು ಹೆಜ್ಜೆ ಗಾಂಭೀರ್ಯದಿಂದ ಬಂದವು. ಐದನೆಯದು ಸ್ವಲ್ಪ ಅವಸರದಲ್ಲಿತ್ತು. ಹತ್ತನೆಯದಕ್ಕೆ ಪಂಚೆ ಮೊಣಕಾಲಿಗೆ ಏರಿತು. ಅಲ್ಲಿಂದ ಅವರು ಓಡಿದರು. ಗಿರಿಜಾ ಕಾಲಿಗೆಂದು ಕಟ್ಟೆಯ ಮೇಲೆ ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ನಿಂತಿದ್ದಳು. ನೀರೂ ಬೇಡ ಎಂದಿದ್ದ ಮನುಷ್ಯ ಎರಡೂ ಕಾಲನ್ನು ಆ ಬಕೆಟ್ಟಿನಲ್ಲಿಟ್ಟು ಕಣ್ಣು ಮುಚ್ಚಿ ನಿಂತರು.

"ಏನಿದು ಮೇಷ್ಟ್ರೇ?" ಎಂದರು ಕಣ್ಣು ಬಿಟ್ಟ ಮೇಲೆ.

"ಹಿಮ ಬಿದ್ರ ಕರಗ್ಲಿ ಅಂತ..." ಎಂದು ಶುರು ಮಾಡಿದವನು ಗಿರಿಜಾಳ ಮುಖ ನೋಡಿ ಬಾಯಿ ಮುಚ್ಚಿದೆ.

ಭಾವ ಬಕೆಟ್ಟಿನಿಂದ ಇಳಿದು, ತಂಗಿಗೆ ಕುಂಕುಮ ಕೊಟ್ಟು, ಕಾರ್ಡು ಕೊಟ್ಟು, "ಬರ್ತೀನಿ" ಎಂದು ತಿರುಗಿದರು. ಅಂಗಳ ನೋಡಿದರು. ಬೂಟು ನಲವತ್ತು ಅಡಿ ಆಚೆ ಇತ್ತು. ಮೆಲ್ಲಗೆ ಕಟ್ಟೆಯ ನೆರಳಲ್ಲಿ ಕುಳಿತರು.

ಅತಿಥಿಗೆ ತೊಂದರೆಯಾಗಿದೆ, ಯಜಮಾನನಾಗಿ ನಾನೇ ಏನಾದರೂ ಮಾಡಬೇಕಲ್ಲ ಎಂದು ನೀರು ತಂದು ಕಲ್ಲಿನ ಮೇಲೆ ಸುರಿದೆ. ಕೊಡ ಕೆಳಗಿಡುವಷ್ಟರಲ್ಲಿ ಅಲ್ಲಿ ನೀರಿರಲಿಲ್ಲ.

"ನಾನು ಬೂಟು ತರ್ತೀನಿ ಭಾವ" ಎಂದೆ.

"ಬಿಡ್ರಿ, ಈಗೇನು ಅರ್ಜೆಂಟ್ ಐತಿ?" ಎಂದಳು ಗಿರಿಜಾ. ಜೊತೆಗೆ ಕಣ್ಣನ್ನೂ ಅಗಲಿಸಿದಳು. ಅಣ್ಣ ಇಲ್ಲೇ ಕುಳಿತಿರಲಿ ಎಂದು ಆ ಕಣ್ಣು ಹೇಳುತ್ತಿತ್ತು. ಅದು ನನಗೆ ತಿಳಿದದ್ದು ಸಂಜೆ. ಆಗ ಮಾತ್ರ, ಪಾಪ ನನ್ನ ಕಾಲಿನ ಮೇಲೆ ಎಷ್ಟು ಕಾಳಜಿ ಎಂದುಕೊಂಡೆ.

ಎರಡು ಗೋಣಿಚೀಲ ತಂದೆ. ಒಂದನ್ನು ಮುಂದೆ ಎಸೆದು ಅದರ ಮೇಲೆ ನಿಲ್ಲುವುದು, ಹಿಂದಿನದನ್ನು ಎಳೆದು ಮತ್ತೆ ಮುಂದೆ ಎಸೆಯುವುದು. ಶರಣಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, "ಯಾವ ಹರಕಿ ಮೇಷ್ಟ್ರೇ?" ಎಂದು ಭಕ್ತಿಯಿಂದ ಕೇಳಿದರು. ಬೆವರು ಒರೆಸಿಕೊಳ್ಳುತ್ತ ಗೇಟು ಮುಟ್ಟಿ ಭಾವನ ಬೂಟು ಎತ್ತಿದೆ. ಬೂಟು ಬಂತು. ಅಟ್ಟೆ ಬರಲಿಲ್ಲ. ಕಾದ ಕಲ್ಲಿಗೆ ಅಂಟು ಕರಗಿ ಎರಡೂ ಅಟ್ಟೆ ನೆಲಕ್ಕೇ ಹಿಡಿದುಕೊಂಡಿದ್ದವು. ಹಿಮವಲ್ಲದಿದ್ದರೂ ನನ್ನ ಕಲ್ಲು ಏನನ್ನೋ ಒಂದನ್ನು ಕರಗಿಸಿತ್ತು. ನನ್ನ ಚಪ್ಪಲಿ ಕೊಡೋಣವೆಂದರೆ ಅದರಲ್ಲಿ ಅವರ ಅರ್ಧ ಪಾದವೂ ಹಿಡಿಸದು.

ನನ್ನದೇ ಬೋರ್ಡಿನ ಎದುರು ಚಪ್ಪಲಿ ಮೆಟ್ಟಲು ಮನಸ್ಸಾಗದೆ, ಅಟ್ಟೆಯಿಲ್ಲದ ಬೂಟು ಹಿಡಿದು ಚೀಲದ ಮೇಲೆ ಚೀಲ ಹಾಕುತ್ತ ವಾಪಸು ಬಂದೆ. ಭಾವ ಅದರೊಳಗಿಂದ ತಮ್ಮ ಕೈ ತೂರಿಸಿ ನೋಡಿದರು. ಬೆರಳು ಈ ಕಡೆ ಬಂತು.

"ಸಂಜಿಮುಂದ ನೆಲ ಆರ್ತೈತಣ್ಣ. ಅಲ್ಲೀಮಟ ಒಂದು ರೊಟ್ಟಿ ತಿನ್ನು" ಎಂದಳು ಗಿರಿಜಾ.

ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಂದವು. ಭಾವ ತಲೆ ತಗ್ಗಿಸಿ ಉಂಡರು. ಮೂರನೆಯ ರೊಟ್ಟಿ ಹಾಕುತ್ತ ಗಿರಿಜಾ, "ಐದು ಪಂಚಮಿ ಆದ್ವಣ್ಣ" ಎಂದಳು.

ಭಾವ ಹಿಡಿದ ತುತ್ತನ್ನು ತಟ್ಟೆಗೆ ಇಳಿಸಿದರು. "ಹೊಸಲಿಗೆ ಬಂದು ಒಂದು ಮಾತು ಕರದಿದ್ರ ಓಡಿ ಬರ್ತಿದ್ದೆ ಗಿರಿಜಾ. ನಮ್ಮವ್ವ ಇದ್ದಿದ್ರ ಹಿಂಗ ಆಗ್ತಿತ್ತೇನು?" ಎಂದರು.

ಇಷ್ಟು ವರ್ಷ ಆಡದೆ ಉಳಿಸಿಕೊಂಡಿದ್ದ ಮಾತು ಆಗ ಹೊರಬಂತು. "ತಪ್ಪು ನಂದು ಭಾವ. ಬರಬೇಕಿತ್ತು, ಬರಲಿಲ್ಲ." ಅಷ್ಟೇ ಅಂದೆ. ಅವರು ನನ್ನನ್ನು ನೋಡಲಿಲ್ಲ, ಆದರೆ ಚಟ್ನಿಯ ಬಟ್ಟಲನ್ನು ನನ್ನ ಕಡೆಗೆ ಸರಿಸಿದರು. ಆಮೇಲೆ ಅಣ್ಣ ತಂಗಿ ಸಂಜೆಯವರೆಗೆ ಅವ್ವನ ಸುದ್ದಿ, ಮದುವೆಯ ಸೀರೆಯ ಸುದ್ದಿ ಎಲ್ಲ ಮಾತಾಡಿದರು. ಅತ್ತರು, ನಕ್ಕರು. ಹೆಚ್ಚಾಗಿ ನಕ್ಕದ್ದು ನನ್ನನ್ನು ನೋಡಿ.

ನೆಲ ಆರಿದ ಮೇಲೆ ಭಾವ ಬರಿಗಾಲಲ್ಲಿ ಕಾರು ಹತ್ತಿದರು. "ಪಂಚಮಿಗೆ ನಾನೇ ಬಂದು ಕರಕೊಂಡು ಹೋಗ್ತೀನವ್ವ" ಎಂದರು. ಗಿರಿಜಾ ಕಾರು ಮರೆಯಾಗುವವರೆಗೂ ಗೇಟಿನಲ್ಲೇ ನಿಂತಿದ್ದಳು.

ನಾನು ಎದೆಯುಬ್ಬಿಸಿ ಅವಳ ಪಕ್ಕ ನಿಂತೆ. "ನೋಡಿದ್ಯಾ? ಶಹಾಬಾದಿ ಹಾಕ್ಸಿದ್ರ ನಿಮ್ಮಣ್ಣ ಐದು ನಿಮಿಷದಾಗ ಎದ್ದು ಹೋಗ್ತಿದ್ರು. ಎಲ್ಲಾ ನನ್ನ ಕಲ್ಲಿನ ಮಹಿಮಿ."

ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೌದ್ರಿ. ನೀವು ಇಷ್ಟು ವರ್ಷ ಬುದ್ಧಿ ಉಪಯೋಗಿಸಿ ಕೆಡಿಸಿದ್ದನ್ನ ಇವತ್ತು ದಡ್ಡತನದಿಂದ ಸರಿ ಮಾಡೀರಿ" ಎಂದು ಒಳಗೆ ಹೋದಳು.