ಎರಡರ ಸಾಲಿನ ಆರು

ಇಷ್ಟೆಲ್ಲ ರಗಳೆಗೆ ಮೂಲ ಕರಿಹಲಗೆಯ ಮೇಲಿದ್ದ ಒಂದು ಆರು. ಸೀಮೆಸುಣ್ಣದಲ್ಲಿ ಬರೆದ, ಹೊಟ್ಟೆ ಉಬ್ಬಿದ, ನೋಡಲು ಪಾಪದ ಆರು.

ಕತ್ರಿಗುಪ್ಪೆಯಲ್ಲಿ ಇನ್ನೂ ಅಲ್ಲಲ್ಲಿ ಖಾಲಿ ಸೈಟುಗಳಿದ್ದ ಕಾಲ. ಅಲ್ಲಿನ ಒಂದು ಸಣ್ಣ ಶಾಲೆಯಲ್ಲಿ ಚಿದಾನಂದ ಗಣಿತದ ಮೇಷ್ಟ್ರು. ವಯಸ್ಸು ಮೂವತ್ತೊಂದು, ಮದುವೆಯಾಗಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇಷ್ಟು ಹೇಳಿದರೆ ಸಾಕು, ಮಿಕ್ಕಿದ್ದು ತಾನೇ ತಿಳಿಯುತ್ತದೆ. ಬ್ಯಾಚುಲರ್ ಅಂದ ಕೂಡಲೇ ಮುಚ್ಚಿಕೊಳ್ಳುವ ಗೇಟುಗಳನ್ನು ನೋಡಿ ನೋಡಿ ಸಾಕಾಗಿದ್ದ ಅವನಿಗೆ ಕೊನೆಗೆ ಶಾಲೆಯ ಹಿಂದಿನ ಕ್ರಾಸಿನಲ್ಲೇ ಕಮಲಾದೇವಿಯವರ ಮನೆಯ ಕೆಳಭಾಗ ಸಿಕ್ಕಿತ್ತು. ಬಹಳ ವರ್ಷ ಖಾಲಿ ಬಿದ್ದಿದ್ದ ಮನೆ. ಯಾಕೆ ಖಾಲಿ ಎಂದು ಕೇಳುವ ಧೈರ್ಯ ಅವನು ಮಾಡಲಿಲ್ಲ, ಆಕೆಯೂ ಹೇಳಲಿಲ್ಲ. ಷರತ್ತು ಒಂದೇ: ಹೆಂಗಸರು ಯಾರಾದರೂ ಒಳಗೆ ಕಾಲಿಟ್ಟರೆ ಅವತ್ತೇ ಗಂಟುಮೂಟೆ ಕಟ್ಟಬೇಕು.

ಮನೆ ಅವನಿಗೆ ಚೆನ್ನಾಗಿ ಒಗ್ಗಿತು. ಹುಟ್ಟು ಮರೆಗುಳಿಯಾದ ಚಿದಾನಂದ ಇಲ್ಲಿಗೆ ಬಂದಮೇಲೆ ಒಮ್ಮೆಯೂ ಹಾಲು ಉಕ್ಕಿಸಿರಲಿಲ್ಲ. ಒಲೆ ಆರಿಸಿದ್ದು ನೆನಪಿರುತ್ತಿರಲಿಲ್ಲ, ಆದರೆ ಆರಿರುತ್ತಿತ್ತು. ಅಂಗಿಯ ಗುಂಡಿ ಉದುರಿದರೆ ಎರಡು ದಿನದಲ್ಲಿ ಮತ್ತೆ ಅದರ ಜಾಗದಲ್ಲೇ ಇರುತ್ತಿತ್ತು. ಅಂತೂ ತನಗೂ ಜವಾಬ್ದಾರಿ ಬಂತು ಎಂದುಕೊಂಡು ಖುಷಿಪಟ್ಟ, ಬಡಪಾಯಿ. ಬರುವ ಭಾನುವಾರ ಬಿಟಿಎಂ ಲೇಔಟಿನಲ್ಲಿ ಹೆಣ್ಣು ನೋಡುವ ಶಾಸ್ತ್ರ ಬೇರೆ ಇತ್ತು. ಕೈಗೂಡುವ ತನಕ ಗುಟ್ಟಾಗಿರಲಿ ಎಂದು ಒಬ್ಬರಿಗೂ ಹೇಳಿರಲಿಲ್ಲ. ದಿನಾ ಸ್ನಾನವಾದ ಮೇಲೆ ಕನ್ನಡಿಯ ಮುಂದೆ ನಿಂತು, "ನೀವು ಒಪ್ಪಿದ್ರೆ ಸಾಕು, ಕೊನೇವರೆಗೂ ಕೈ ಬಿಡಲ್ಲ" ಎಂದು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದ, ಅಷ್ಟೇ.

ಸೋಮವಾರ ಬೆಳಿಗ್ಗೆ ಏಳನೇ ಕ್ಲಾಸಿಗೆ ಕಾಂಡ-ಎಲೆ ನಕ್ಷೆಯ ಪಾಠ. ಕ್ರಾಸಿನ ಮನೆಮನೆಗೂ ಹೋಗಿ ಎಲ್ಲರ ವಯಸ್ಸು ಕೇಳಿಕೊಂಡು ಬನ್ನಿ ಎಂದು ಶನಿವಾರವೇ ಮಕ್ಕಳಿಗೆ ಹೇಳಿ ಕಳಿಸಿದ್ದ. ಈಗ ಹಲಗೆಯ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದ. ಹತ್ತರ ಅಂಕಿ ಕಾಂಡ, ಗೀಟಿನ ಎಡಕ್ಕೆ. ಬಿಡಿ ಅಂಕಿ ಎಲೆ, ಬಲಕ್ಕೆ. ನಲವತ್ತೊಂದು, ನಲವತ್ತಮೂರು ವಯಸ್ಸಿನ ಇಬ್ಬರಿದ್ದರೆ ನಾಲ್ಕರ ಮುಂದೆ ಒಂದು ಮತ್ತು ಮೂರು. ಒಂದು ಎಲೆ ಅಂದರೆ ಒಬ್ಬ ಮನುಷ್ಯ, ಎಲೆ ಎಣಿಸಿದರೆ ಜನರನ್ನು ಎಣಿಸಿದ ಹಾಗೆ ಎಂದು ಬಿಡಿಸಿ ಹೇಳಿದ. ಆಮೇಲೆ ಒಂದೊಂದೇ ಎಲೆಯನ್ನು ಮುಟ್ಟಿ ಇದು ಯಾರು, ಇದು ಯಾರು ಎಂದು ಕೇಳುತ್ತ ಬಂದ. ಏಳರ ಮುಂದಿನ ಎರಡು ಎದುರುಮನೆಯ ನೀಲಕಂಠಪ್ಪನವರು. ಮೂರರ ಮುಂದಿನ ಒಂದು ಸ್ವತಃ ಮೇಷ್ಟ್ರು. ಮಕ್ಕಳು ಕಿಸಕ್ಕನೆ ನಕ್ಕರು. ಎರಡರ ಸಾಲಿನಲ್ಲಿ ಒಂದೇ ಒಂದು ಎಲೆ ಇತ್ತು, ಆರು. ಅದು ಯಾರೆಂದು ಅವನಿಗೂ ಹೊಳೆಯಲಿಲ್ಲ.

ಕಮಲಾದೇವಿಯವರ ಮೊಮ್ಮಗಳು ಸ್ಪಂದನಾ ಎದ್ದು ನಿಂತಳು. "ನಿಮ್ಮನೆ ಆಂಟಿ ಸಾರ್. ನೀವು ತರಕಾರಿಗೆ ಹೋಗಿದ್ರಲ್ಲ, ಆಗ ಅವ್ರೇ ಬಾಗಿಲು ತೆಗೆದ್ರು. ಇಪ್ಪತ್ತಾರು ಅಂದ್ರು."

ತರಕಾರಿಗೆ ಹೋಗುವಾಗ ಅವನು ಬೀಗ ಹಾಕಿಕೊಂಡು ಹೋಗಿದ್ದ. ಬೀಗದ ಕೈ ಈಗಲೂ ಜೇಬಿನಲ್ಲೇ ಇತ್ತು.

ಸಂಜೆ ಮನೆಗೆ ಬರುವಷ್ಟರಲ್ಲಿ ಸುದ್ದಿ ಕ್ರಾಸೆಲ್ಲ ಸುತ್ತಿ ಬಂದಿತ್ತು. ಕಮಲಾದೇವಿ ಮೆಟ್ಟಿಲ ಮೇಲೆ ನಿಂತು, ಯಾರನ್ನು ಒಳಗೆ ಇಟ್ಟುಕೊಂಡಿದ್ದೀರಿ ಎಂದು ನೇರವಾಗಿ ಕೇಳಿದರು. ನೀಲಕಂಠಪ್ಪನವರನ್ನು ಯಾರೂ ಕರೆದಿರಲಿಲ್ಲ, ಆದರೂ ಬೀಗ ತೆಗೆಸಿ ಒಳಗೆ ನುಗ್ಗಿ ಮಂಚದ ಕೆಳಗೆ, ಬಾಗಿಲ ಹಿಂದೆ, ಕೊನೆಗೆ ಅಕ್ಕಿ ಡ್ರಮ್ಮಿನ ಮುಚ್ಚಳವನ್ನೂ ತೆಗೆದು ನೋಡಿದರು. ಯಾರೂ ಇರಲಿಲ್ಲ. ಇದರಿಂದ ಚಿದಾನಂದನಿಗೆ ಲಾಭವೇನೂ ಆಗಲಿಲ್ಲ. ಒಂಟಿ ಗಂಡಸಿನ ಮನೆ ಇಷ್ಟು ಚೊಕ್ಕಟವಾಗಿರೋದನ್ನ ತಾವು ಎಲ್ಲೂ ಕಂಡಿಲ್ಲ ಎಂದು ಷರಾ ಬರೆದ ನೀಲಕಂಠಪ್ಪ ದನಿ ತಗ್ಗಿಸಿದರು. "ಹೆಂಗಸಾದ್ರೆ ಮನೆ ಬಿಡಿಸ್ಬೋದು ಕಮಲಮ್ಮ. ಬೇರೆ ಏನಾದ್ರೂ ಆಗಿದ್ರೆ?"

ಕಮಲಾದೇವಿ ಮೊಮ್ಮಗಳ ಕಡೆ ತಿರುಗಿದರು. ಎಷ್ಟು ವಯಸ್ಸು ಅಂದಳು ಎಂದು ಕೇಳಿದರು. ಇಪ್ಪತ್ತಾರು ಎಂದಾಗ ಅವರ ಮುಖದ ಬಣ್ಣವೇ ಹೋಯಿತು. ಮೆಟ್ಟಿಲ ಮೇಲೆ ಕುಸಿದು ಕೂತು, "ಇವತ್ತೇ ಖಾಲಿ ಮಾಡಿ ಮೇಷ್ಟ್ರೇ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ" ಅಂದರು.

ಚಿದಾನಂದನಿಗೆ ಭಾನುವಾರದ ಹೆಣ್ಣು ನೆನಪಾಯಿತು. ಮನೆ ಇಲ್ಲದ ಗಂಡಿಗೆ ಹೆಣ್ಣು ಕೊಡುವವರು ಯಾರು? ಅಂಗಲಾಚಿದ. ನಿಜ ಹೇಳಮ್ಮ ಎಂದು ಸ್ಪಂದನಾಳನ್ನೂ ಬೇಡಿಕೊಂಡ. ಹುಡುಗಿ ಅವನ ಹೆಗಲಾಚೆ ಕಿಟಕಿಯ ಕಡೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಲೆ ತಗ್ಗಿಸಿ, "ನಾನೇ ಸುಳ್ಳು ಹೇಳ್ದೆ ಅಜ್ಜಿ. ಇಪ್ಪತ್ತರ ಸಾಲು ಖಾಲಿ ಇತ್ತು, ಅದಕ್ಕೆ ಒಂದು ಎಲೆ ಹಾಕ್ದೆ" ಅಂದಳು.

ಎಲ್ಲರಿಗೂ ಹೋದ ಜೀವ ಬಂದಂತಾಯಿತು, ನೀಲಕಂಠಪ್ಪನವರನ್ನು ಬಿಟ್ಟು. ಕಮಲಾದೇವಿ ಮೊಮ್ಮಗಳ ಕಿವಿ ಹಿಂಡಿ, ತಪ್ಪಾಯಿತು ಮೇಷ್ಟ್ರೇ, ಇದ್ದುಬಿಡಿ ಎಂದರು. ಸಂತೋಷದಲ್ಲಿ ಚಿದಾನಂದ ಬಗ್ಗಿ ಹೊಸಿಲು ಮುಟ್ಟಿ ಆಣೆಯನ್ನೇ ಮಾಡಿದ. ಯಾರು ಏನೇ ಅಂದರೂ ಈ ಮನೆ ಬಿಟ್ಟು ಹೋಗುವುದಿಲ್ಲ ಎಂದು ನಾಲ್ಕು ಜನ ಕೇಳುವ ಹಾಗೆ ಹೇಳಿದ.

ಎಲ್ಲರೂ ಹೋದರು. ಮುಸ್ಸಂಜೆ. ಸ್ಪಂದನಾ ಹಿಂದೆ ಉಳಿದಿದ್ದಳು. ಇಲ್ಲದ ಸಂಖ್ಯೆಯನ್ನು ನಕ್ಷೆಗೆ ಸೇರಿಸಬಾರದಮ್ಮ ಎಂದು ಅವನು ಮೆತ್ತಗೆ ಬುದ್ಧಿ ಹೇಳಿದ.

"ಸೇರಿಸಿಲ್ಲ ಸಾರ್. ಸುಳ್ಳು ಅಂತ ಹೇಳ್ಬಿಡು ಅಂತ ಆಂಟಿನೇ ಕಿಟಕಿಯಿಂದ ಹೇಳಿಕೊಟ್ರು. ಇಲ್ದಿದ್ರೆ ಅಜ್ಜಿ ನಿಮ್ಮನ್ನ ಕಳಿಸ್ಬಿಡ್ತಾರಂತೆ."

ಮಕ್ಕಳ ತಮಾಷೆ ಎಂದು ನಗಲು ನೋಡಿದ. ಹುಡುಗಿ ಎರಡು ಮೆಟ್ಟಿಲು ಹತ್ತಿ ಮತ್ತೆ ತಿರುಗಿದಳು.

"ಭಾನುವಾರ ಬಿಟಿಎಂಗೆ ಹೋಗೋದು ಬೇಡ್ವಂತೆ ಸಾರ್. ನೀವು ದಿನಾ ಕನ್ನಡಿ ಮುಂದೆ ಕೇಳ್ತಿದ್ರಲ್ಲ, ಅದಕ್ಕೆ ಅವ್ರು ಒಪ್ಕೊಂಡಿದಾರಂತೆ."

ಅವನ ಬೆನ್ನ ಹಿಂದೆ ಅಡುಗೆಮನೆಯ ದೀಪ ಹತ್ತಿತು. ಬಿಸಿ ಕಾಫಿಯ ವಾಸನೆ ಬಂತು. ಕಟ್ಟೆಯ ಮೇಲೆ ಯಾರೋ ಒಂದು ಲೋಟ ಇಟ್ಟ ಸದ್ದಾಯಿತು, ಅದರ ಪಕ್ಕದಲ್ಲಿ ಇನ್ನೊಂದು.