ಹೂರಣದ ಬ್ರೆಡ್ಡು

೧. ಬಣ್ಣ

ಬ್ರೆಡ್ಡನ್ನು ಮಾಳಿಗೆ ಮೇಲೆ ಬಿಸಿಲಿಗೆ ಹರವಿ ಬಂದೆ. ಗಣಿ ಜೋರಾಗಿದ್ದ ಕಾಲ. ನಮ್ಮ ಮನೆ ಹೊಸಪೇಟೆಯಲ್ಲಿ, ಸಂಡೂರು ರಸ್ತೆಗೆ ಅಂಟಿಕೊಂಡಂತೆ. ಹಗಲೂ ರಾತ್ರಿ ಅದಿರಿನ ಲಾರಿ. ಅವುಗಳಲ್ಲಿ ಎರಡು ನನ್ನವೇ. ಹಾಗಾಗಿ ಧೂಳಿಗೆ ಬೈಯುವಂತೆಯೂ ಇರಲಿಲ್ಲ.

ಬ್ರೆಡ್ಡು ಸೊಸೆಗಾಗಿ. ಅವಳು ಬಸುರಿ. ತಿಂದದ್ದು ಯಾವುದೂ ಒಳಗೆ ನಿಲ್ಲುತ್ತಿರಲಿಲ್ಲ. ನಾಳೆಯೂ ಹೀಗೇ ಆದರೆ ಅಡ್ಮಿಟ್ ಮಾಡಿ ಗ್ಲೂಕೋಸ್ ಹಾಕಬೇಕು ಎಂದಿದ್ದರು ಡಾಕ್ಟರು. ಮಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮೇಲಿದ್ದ.

"ಏನು ತಿನ್ಬೇಕು ಅನಸ್ತದವ್ವ?" ಎಂದು ಹೆಂಡತಿ ಕೇಳಿದಳು.

ಹಾಸ್ಟೆಲಿನಲ್ಲಿದ್ದಾಗ ಬ್ರೆಡ್ಡಿನೊಳಗೆ ಸಿಹಿ ತುಂಬಿ, ಹಾಲಿನಲ್ಲಿ ಅದ್ದಿ, ಹುರಿದು ಕೊಡುತ್ತಿದ್ದರು, ಅದು ಎಂದಳು ಸೊಸೆ.

"ಬ್ರೆಡ್ಡು ಜ್ವರ ಬಂದೋರು ತಿನ್ನೋದು. ನನಗದು ಬರಂಗಿಲ್ಲ," ಎಂದಳು ಹೆಂಡತಿ.

"ನಾ ಮಾಡ್ತೀನಿ," ಎಂದೆ.

ಸಾಮಾನ್ಯವಾಗಿ ನಾನು ಮಾತಾಡುವವನಲ್ಲ. ಯಾಕೆಂದು ಆಗ ಗೊತ್ತಾಯಿತು.

ತಾಜಾ ಬ್ರೆಡ್ಡು ಹಾಲಿಗೆ ಹಾಕಿದರೆ ಮುದ್ದೆಯಾಗುತ್ತದೆ, ಒಣಗಿರಬೇಕು ಎಂದಿದ್ದ ಬೇಕರಿಯವ. ಅದಕ್ಕೇ ಮಾಳಿಗೆ. ಸ್ವಲ್ಪ ಹೊತ್ತು ಬಿಟ್ಟು ಹೋದರೆ ತುಂಡುಗಳೆಲ್ಲ ಅದಿರಿನ ಧೂಳಿಗೆ ಕೆಂಪಗೆ. ಕೆಳಗೆ ತಂದೆ. ಹೆಂಡತಿ ತಿರುಗಿಸಿ ನೋಡಿದಳು.

"ಒಲಿ ಹಚ್ಚೋಕ ಮೊದ್ಲ ಹುರದು ಮುಗಿಸೀರಲ್ರಿ."

೨. ಹಿಟ್ಟು

ಇನ್ನೊಂದು ಬ್ರೆಡ್ಡು ತಂದೆ. ಹಂಪಿಯಲ್ಲಿ ಫಾರಿನ್‌ನವರಿಗೆ ತಿಂಡಿ ಮಾಡುವ ಅಡುಗೆಯವನೊಬ್ಬ ಪರಿಚಯ. ಫೋನ್ ಹಚ್ಚಿದೆ.

"ಮೊಟ್ಟಿ ಒಡದು ಹಾಲಿನಾಗ ಕಲಸ್ರಿ," ಎಂದ.

"ಲಿಂಗ ಕಟ್ಟೋ ಮನಿಯೋ ನಮ್ಮದು."

"ಹಂಗಾರ ಕಡ್ಲಿಹಿಟ್ಟು ಹಾಕ್ರಿ. ಬ್ರೆಡ್ಡಿಗೇನು ಗೊತ್ತಾಗ್ತದ?"

ಜೀವಮಾನದಲ್ಲಿ ನಾನು ನಿಂತು ನೋಡಿದ ಅಡುಗೆ ಒಂದೇ. ಬಸ್ ಸ್ಟ್ಯಾಂಡ್ ಹತ್ತಿರದ ಮಿರ್ಚಿ ಬಂಡಿಯದು. ಕಡಲೆಹಿಟ್ಟು ಕಂಡಕೂಡಲೇ ಕೈ ತಾನೇ ಓಡಿತು. ಉಪ್ಪು ಹಾಕಿದೆ. ಅಜವಾನ ತಿಕ್ಕಿ ಹಾಕಿದೆ. ಚಿಟಿಕೆ ಸೋಡಾ. ಬಾಣಲಿ ತುಂಬ ಎಣ್ಣೆ. ಸಿಹಿ ತುಂಬುವ ಮುಂಚೆ ಬರೀ ಬ್ರೆಡ್ಡಿನಲ್ಲಿ ಪರೀಕ್ಷೆ. ಚೆನ್ನಾಗಿ ಉಬ್ಬಿತು.

ಲಾರಿಯ ಕೀಲಿ ಒಯ್ಯಲು ಡ್ರೈವರ್ ಬಂದಿದ್ದ. ಅವನ ಕೈಗೊಂದು ಕೊಟ್ಟು ಮುಖ ನೋಡಿದೆ. ಪೂರ್ತಿ ತಿಂದ.

"ಬಜ್ಜಿ ಮಸ್ತ್ ಐತ್ರಿ ಮಾಲಕ್ರ. ಜತಿಗಿ ಮಂಡಕ್ಕಿ ಒಗ್ಗಾಣಿ ಮಾಡಿಲ್ಲೇನ್ರಿ?"

೩. ಲೋಡು

ಕಡಲೆಹಿಟ್ಟು ಬಿಟ್ಟೆ. ಹಾಲಿಗೆ ಒಂದಿಷ್ಟು ಮೈದಾ, ಸಕ್ಕರೆ, ಏಲಕ್ಕಿ. ನನ್ನ ಅವಸ್ಥೆ ನೋಡಲಾರದೆ ಹೆಂಡತಿ ಹೂರಣ ರುಬ್ಬಿ ಕೊಟ್ಟಳು. ಎರಡು ಬ್ರೆಡ್ಡಿನ ನಡುವೆ ತುಂಬುವುದು ನನ್ನ ಪಾಲಿಗೆ.

ಲಾರಿ ತುಂಬಿಸಿ ಅಭ್ಯಾಸ. ಖಾಲಿ ಜಾಗ ಕಂಡರೆ ಕೈ ತಡೆಯುವುದಿಲ್ಲ. ಗುಡ್ಡದಂತೆ ಏರಿಸಿದೆ. ಮೇಲಿನ ಬ್ರೆಡ್ಡು ನಿಲ್ಲಲಿಲ್ಲ, ಅದುಮಿದೆ. ಹಂಚಿನ ಮೇಲೆ ಇಡುತ್ತಲೇ ನಾಲ್ಕೂ ಕಡೆಯಿಂದ ಹೂರಣ ಸುರಿಯಿತು. ಮತ್ತೊಂದು ಮಾಡಿದೆ. ಅದೂ ಸುರಿಯಿತು. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು.

"ಮ್ಯಾಲೊಂದು ತಾಡಪತ್ರಿ ಹೊದಸಿ ಹಗ್ಗ ಬಿಗೀರಿ," ಎಂದಳು.

೪. ಬೋಗುಣಿ

ನಮ್ಮದು ಚೆಲ್ಲುವ ಮನೆಯಲ್ಲ. ಅಂದು ಕೆಟ್ಟದ್ದನ್ನೆಲ್ಲ ನಾನೇ ತಿಂದೆ. ಬಜ್ಜಿಯಾದದ್ದು, ಒಡೆದದ್ದು, ಸೀದದ್ದು. ಕೆಂಪಾದದ್ದನ್ನೂ ಕೊಡವಿ ತಿಂದೆ.

ಮರುದಿನ ಬೆಳಿಗ್ಗೆ ಹೂರಣ ತೆಳ್ಳಗೆ ಸವರಿದೆ. ತುಪ್ಪ ಹಾಕಿ ಸಣ್ಣ ಉರಿಯಲ್ಲಿ ಹುರಿದೆ. ಒಡೆಯಲಿಲ್ಲ. ತಟ್ಟೆ ಹಿಡಿದು ಸೊಸೆಯ ಕೋಣೆ ಬಾಗಿಲಿಗೆ ಹೋದೆ. ಅವಳು ಗಡಬಡಿಸಿ ಸೆರಗು ಸರಿಮಾಡಿಕೊಂಡು ಎದ್ದಳು. ಮದುವೆಯಾಗಿ ಬಂದಾಗಿನಿಂದ ನಾನು ಅವಳೊಂದಿಗೆ ಮಾತಾಡಿದ್ದು ಕಡಿಮೆ. ನನಗೆ ಸದಾ ಸಿಟ್ಟು ಎಂದೇ ಅವಳು ತಿಳಿದಿದ್ದಳು.

"ಕುಂದ್ರವ್ವ. ತಿನ್ನು."

"ಮಾವಾರ, ನೀವ ಮಾಡಿದ್ರಾ?"

"ಹ್ಞೂಂ."

ಒಂದು ತುತ್ತು ತಿಂದಳು. ಹೆಂಡತಿ ಬೋಗುಣಿ ಹಿಡಿದು ಮಗ್ಗುಲಲ್ಲೇ ನಿಂತಳು. ದಿನಾ ಅದೇ ಕೆಲಸ. ಇನ್ನೊಂದು ತುತ್ತು. ನಾವಿಬ್ಬರೂ ಅವಳ ಗಂಟಲನ್ನೇ ನೋಡುತ್ತಿದ್ದೆವು. ತಟ್ಟೆ ಖಾಲಿಯಾಯಿತು.

"ಹಾಸ್ಟೆಲಿನಾಗಿಂದು ಹಿಂಗ ಇರ್ಲಿಲ್ರಿ," ಎಂದಳು.

"ಮತ್ತ?"

"ಇದು ಹೋಳಿಗಿ ಆಗೇತ್ರಿ. ಇನ್ನೊಂದು ಐತೇನ್ರಿ?"

ಇನ್ನೊಂದನ್ನೂ ತಿಂದಳು. ಬಹಳ ಹೊತ್ತು ಕಾದೆವು. ಏನೂ ಹೊರಗೆ ಬರಲಿಲ್ಲ. ಹೆಂಡತಿ ಬೋಗುಣಿ ಒಳಗಿಡಲು ಹೊರಟಳು. "ತಾ ಇಲ್ಲಿ," ಎಂದು ನಾನು ಇಸಕೊಂಡೆ.

ಸಂಜೆ ಡಾಕ್ಟರು ಅಡ್ಮಿಟ್ ಮಾಡಿಕೊಂಡು ಗ್ಲೂಕೋಸ್ ಹಾಕಿದರು. ನನಗೆ.